ದಿನಾ ದಾಟಿದ ಮ್ಹಾತ್ರೆ ಪೂಲ್, ಹದಿಮೂರು ತಿಂಗಳು ಹುಡುಕಿದ ಮ್ಹಾತ್ರೆ

ಪುಣೆಯಲ್ಲಿ ನಾನು ಐದು ವರ್ಷ ಕೆಲಸ ಮಾಡಿದೆ. ಎರಂಡವಣೆ ಕಡೆ ರೂಮು, ನದಿಯ ಆಚೆ ದಡದಲ್ಲಿ ಆಫೀಸು. ಮುಠಾ ನದಿಯ ಮೇಲಿನ ಮ್ಹಾತ್ರೆ ಪೂಲನ್ನು ದಿನಕ್ಕೆ ಎರಡು ಸಲ ದಾಟುತ್ತಿದ್ದೆ. ಮದುವೆ ಸೀಸನ್ನಿನಲ್ಲಿ ಪಕ್ಕದ ಡಿಪಿ ರಸ್ತೆಯ ಲಾನ್‌ಗಳಿಗೆ ಹೋಗುವ ಕಾರುಗಳ ಸಾಲಲ್ಲಿ ಸಿಕ್ಕಿಕೊಂಡು ಅಲ್ಲೇ ಅರ್ಧ ಗಂಟೆ ನಿಂತದ್ದೂ ಉಂಟು. ಮ್ಹಾತ್ರೆ ಅಂದರೆ ಯಾರು ಅಂತ ಒಂದು ದಿನವೂ ಯೋಚನೆ ಬರಲಿಲ್ಲ. ಯಾರೋ ಹಳೇ ಕಾರ್ಪೊರೇಟರ್ ಇರಬೇಕು ಅಂದುಕೊಂಡು ಸುಮ್ಮನಿದ್ದೆ.

ಆಮೇಲೆ ಮದುವೆಯಾಗಿ ಬರ್ಮಿಂಗ್‌ಹ್ಯಾಮ್‌ಗೆ ಬಂದೆ. ಒಮ್ಮೆ ಮಗಳ ಹುಟ್ಟುಹಬ್ಬದ ಹಿಂದಿನ ದಿನ ಕೇಕ್ ಡಬ್ಬ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಲ್ಲಿ ಕೂತಿದ್ದೆ. ಪಕ್ಕದಲ್ಲಿ ಒಬ್ಬರು ಗುಜರಾತಿ ಅಜ್ಜಿ. ಹಿಂದಿಯಲ್ಲಿ ಮಾತು ಶುರುವಾಯಿತು. ಮಗಳಿಗಾ, ಎಷ್ಟು ವರ್ಷ ಎಂದೆಲ್ಲ ಕೇಳಿದರು. ಇಳಿಯುವ ಮುಂಚೆ ಡಬ್ಬದ ಮೇಲೆ ಕೈಯಿಟ್ಟು, "ಹುಷಾರಾಗಿ ಹೋಗಮ್ಮಾ. ನಮ್ಮ ಮ್ಹಾತ್ರೆನೂ ಹಿಂಗೇ ಕೇಕ್ ಹಿಡ್ಕೊಂಡು ಬಸ್ ಇಳಿದಿದ್ದ" ಎಂದರು. ನನಗೆ ತಲೆಬುಡ ತಿಳಿಯಲಿಲ್ಲ. ಮನೆಗೆ ಬಂದು ಹುಡುಕಿದೆ. ಆ ರಾತ್ರಿ ಕೇಕಿನ ಡಬ್ಬವನ್ನು ಫ್ರಿಜ್ಜಿನಲ್ಲಿಟ್ಟು ಬಾಗಿಲು ಹಾಕುವಾಗ ಕೈ ಒಂಥರಾ ಆಯಿತು.

ನಡೆದದ್ದು ಇಷ್ಟು. 1984ರ ಫೆಬ್ರವರಿ 3, ಶುಕ್ರವಾರ. ಆ ಪೂಲಿಗೆ ಇಟ್ಟದ್ದು ಯಾರ ಹೆಸರೋ ಆ ರವೀಂದ್ರ ಮ್ಹಾತ್ರೆಯವರಿಗೆ ಆಗ 48 ವರ್ಷ. ಬರ್ಮಿಂಗ್‌ಹ್ಯಾಮ್‌ನ ಭಾರತೀಯ ರಾಜತಾಂತ್ರಿಕ ಕಚೇರಿಯಲ್ಲಿ ಎರಡನೇ ಸ್ಥಾನದ ಅಧಿಕಾರಿ. ಸಂಜೆ ಮಗಳ ಹುಟ್ಟುಹಬ್ಬದ ಕೇಕ್ ಹಿಡಿದು ಬಾರ್ಟ್ಲಿ ಗ್ರೀನ್ ಬಡಾವಣೆಯಲ್ಲಿ ಬಸ್ ಇಳಿದರು. ಮನೆ ಮುಟ್ಟಲಿಲ್ಲ. ಕಾಶ್ಮೀರ್ ಲಿಬರೇಶನ್ ಆರ್ಮಿ ಎಂಬ ಹೆಸರಿನಲ್ಲಿ ಲಂಡನ್ನಿನ ರಾಯ್ಟರ್ಸ್ ಕಚೇರಿಗೆ ಒಂದು ಪತ್ರ ಬಂತು. ಗಲ್ಲು ಶಿಕ್ಷೆಯಾಗಿ ದೆಹಲಿಯ ತಿಹಾರ್ ಜೈಲಿನಲ್ಲಿದ್ದ ಕಾಶ್ಮೀರಿ ಪ್ರತ್ಯೇಕತಾವಾದಿ ಮಕ್ಬೂಲ್ ಭಟ್‌ರನ್ನು ಬಿಡಬೇಕು, ಹತ್ತು ಲಕ್ಷ ಪೌಂಡ್ ಕೊಡಬೇಕು ಎಂಬ ಬೇಡಿಕೆ. ಗಡುವು ತೀರಾ ಚಿಕ್ಕದು. ಎರಡು ದಿನ ಕಳೆಯುವಷ್ಟರಲ್ಲಿ ಲೆಸ್ಟರ್‌ಶೈರ್‌ನ ಹೊಲಗಳ ನಡುವಿನ ಒಂದು ಓಣಿಯಲ್ಲಿ ಮ್ಹಾತ್ರೆಯವರ ಶವ ಸಿಕ್ಕಿತು. ಗುಂಡು ಹೊಡೆದಿದ್ದರು. ಫೆಬ್ರವರಿ 11ರ ಶನಿವಾರ ತಿಹಾರ್‌ನಲ್ಲಿ ಭಟ್‌ರನ್ನು ಗಲ್ಲಿಗೇರಿಸಿದರು.

ಅಂತರ್ಜಾಲದಲ್ಲಿ ಸಿಗುವುದು ಹೆಚ್ಚುಕಡಿಮೆ ಈ ಹತ್ತು ಸಾಲು. ಅದನ್ನೇ ನೂರು ಕಡೆ ತಿರುಗಿಸಿ ಮುರುಗಿಸಿ ಬರೆದಿದ್ದಾರೆ. ಹತ್ತು ಸಾಲಲ್ಲಿ ಆರು ಭಟ್ ಬಗ್ಗೆ. ಐದು ವರ್ಷ ಈ ಮನುಷ್ಯನ ಹೆಸರಿನ ಮೇಲೆ ಓಡಾಡಿದ್ದೇನೆ, ಇನ್ನೂ ಸ್ವಲ್ಪ ತಿಳಿದುಕೊಳ್ಳಬಾರದಾ ಅನ್ನಿಸಿತು. ಒಂದು ತಿಂಗಳಲ್ಲಿ ಮುಗಿಯುತ್ತೆ ಅಂದುಕೊಂಡಿದ್ದೆ. ಹದಿಮೂರು ತಿಂಗಳು ಹಿಡಿಯಿತು. ನಾನು ಪತ್ರಕರ್ತೆ ಅಲ್ಲ, ಇತಿಹಾಸ ಓದಿದವಳೂ ಅಲ್ಲ. ಲೆಕ್ಕಪತ್ರದ ಕೆಲಸ ನನ್ನದು. ಹಳೇ ದಾಖಲೆ ಹುಡುಕಲು ಹೊರಡುವ ನಿಮಗೆ ನಾನು ಎಡವಿದ ಜಾಗ ಗೊತ್ತಿದ್ದರೆ ಒಳ್ಳೆಯದು ಅಂತ ಬರೆಯುತ್ತಿದ್ದೇನೆ.

ಮೊದಲು ಹೋದದ್ದು ಊರಿನ ದೊಡ್ಡ ಲೈಬ್ರರಿಗೆ, ಸೆಂಟಿನರಿ ಸ್ಕ್ವೇರ್‌ನಲ್ಲಿರುವ ಲೈಬ್ರರಿ ಆಫ್ ಬರ್ಮಿಂಗ್‌ಹ್ಯಾಮ್. ಅಲ್ಲಿ ಊರಿನ ಹಳೇ ಪತ್ರಿಕೆಗಳು ಮೈಕ್ರೋಫಿಲ್ಮ್ ರೀಲಿನಲ್ಲಿವೆ. ಕಾಗದ ನೋಡುವ ಆಸೆ ಇಟ್ಟುಕೊಂಡು ಹೋಗಬೇಡಿ. ರೀಲು, ಅದನ್ನು ಸುತ್ತುವ ಯಂತ್ರ, ಮುಂದೆ ಒಂದು ಪರದೆ, ಅಷ್ಟೇ. ಹಳೇ ದಾಖಲೆಯ ವಿಭಾಗ ತೆರೆದಿರುವ ಗಂಟೆಗಳು ಕಡಿಮೆ. ಮೊದಲೇ ವಿಚಾರಿಸಿ ಹೋಗಿ. ನಾನು ಮೊದಲ ಸಲ ಸುಮ್ನೆ ಹೋಗಿ ವಾಪಸ್ ಬಂದೆ. ರಜೆ ಹಾಕಿದ ದಿನ ದಂಡ.

ಎರಡನೇ ಸಲ ರೀಲು ಸಿಕ್ಕಿತು. ಅರ್ಧ ಗಂಟೆ ಸುತ್ತಿದ ಮೇಲೆ ತಲೆ ತಿರುಗಲು ಶುರುವಾಯಿತು. ಪುಟಗಳು ಓಡುವುದನ್ನು ನೋಡುತ್ತಾ ಕೂತರೆ ಬಸ್ಸಿನಲ್ಲಿ ಓದಿದ ಹಾಗೆ ವಾಂತಿ ಬರುತ್ತದೆ. ಪುಟ ಓಡುವಾಗ ಕಣ್ಣು ಬೇರೆ ಕಡೆ ಇಡಿ, ನಿಂತಾಗ ಓದಿ. ಇದನ್ನು ಹೇಳಿಕೊಟ್ಟದ್ದು ಪಕ್ಕದ ಯಂತ್ರದಲ್ಲಿ ತನ್ನ ಮುತ್ತಜ್ಜನನ್ನು ಹುಡುಕುತ್ತಿದ್ದ ಒಬ್ಬ ಮುದುಕ.

ಕಂಪ್ಯೂಟರಿನಲ್ಲಿ ಪತ್ರಿಕೆ ಹುಡುಕುವವರಿಗೆ ಬೇರೆ ತೊಂದರೆ ಇದೆ. ಹಳೇ ಅಚ್ಚನ್ನು ಯಂತ್ರ ಓದುವಾಗ ಹೆಸರುಗಳನ್ನು ಹಾಳು ಮಾಡುತ್ತದೆ. ಮ್ಹಾತ್ರೆ ಎಂಬ ಹೆಸರಿನಲ್ಲಿ ಎಂ ಆದಮೇಲೆ ಎಚ್ ಬರುತ್ತಲ್ಲ, ಆ ಎಚ್ ಹೋದರೆ ನಿಮ್ಮ ಹುಡುಕಾಟವೇ ಹೋಯಿತು. ಹೆಸರು ಬಿಟ್ಟು ಜಾಗ ಹಾಕಿ, ಹುದ್ದೆ ಹಾಕಿ. ಹುದ್ದೆಯನ್ನೂ ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದಾರೆ. ಭಾರತ, ಬ್ರಿಟನ್ ಎರಡೂ ಕಾಮನ್‌ವೆಲ್ತ್ ದೇಶಗಳಾದ್ದರಿಂದ ಇಲ್ಲಿ ಎಂಬೆಸಿ ಇಲ್ಲ, ಹೈಕಮಿಷನ್ ಇದೆ. ಅದು ಲಂಡನ್ನಿನಲ್ಲಿ. ಬರ್ಮಿಂಗ್‌ಹ್ಯಾಮ್‌ನದ್ದು ಅದರ ಕೆಳಗಿನ ಕಚೇರಿ. ಹಾಗಾಗಿ ಒಂದು ಕಡೆ ಅಸಿಸ್ಟೆಂಟ್ ಕಮಿಷನರ್, ಇನ್ನೊಂದು ಕಡೆ ಕಾನ್ಸುಲ್, ಮತ್ತೊಂದು ಕಡೆ ಬರೀ ಡಿಪ್ಲೊಮ್ಯಾಟ್. ಎಲ್ಲವನ್ನೂ ಹಾಕಿ ನೋಡಬೇಕು. ಪತ್ರಿಕೆಗಳ ಆನ್‌ಲೈನ್ ಸಂಗ್ರಹಕ್ಕೆ ಚಂದಾ ಕೊಡಬೇಕಾಗುತ್ತದೆ. ಕೊಡುವ ಮುಂಚೆ ನಿಮ್ಮ ಲೈಬ್ರರಿಯಲ್ಲಿ ಕೇಳಿ, ಹಲವು ಕಡೆ ಒಳಗಿನ ಕಂಪ್ಯೂಟರಿನಲ್ಲಿ ಪುಕ್ಕಟೆ ನೋಡಬಹುದು. ನಾನು ಎರಡು ತಿಂಗಳ ಚಂದಾ ಕಟ್ಟಿದ ಮೇಲೆ ಕೇಳಿದೆ.

ರೀಲಿನಲ್ಲಿ ಆ ವಾರ ನೋಡುವುದು ಕಷ್ಟವಾಯಿತು. ಶುಕ್ರವಾರದ ಪತ್ರಿಕೆಯಲ್ಲಿ ಏನೂ ಇಲ್ಲ. ಹವಾಮಾನ, ಫುಟ್‌ಬಾಲು, ಸೋಫಾ ಸೇಲ್. ಮುಂದೆ ಏನಾಗುತ್ತೆ ಅಂತ ನನಗೆ ಗೊತ್ತು, ಪತ್ರಿಕೆಗೆ ಗೊತ್ತಿಲ್ಲ. ರೀಲನ್ನು ಹಿಂದಕ್ಕೆ ಸುತ್ತಿಬಿಟ್ಟರೆ ಏನೋ ತಪ್ಪುತ್ತೆ ಅನ್ನೋ ಹುಚ್ಚು ಯೋಚನೆ ಬಂತು. ನಗಬೇಡಿ. ಅಲ್ಲಿ ಕೂತವರಿಗೆ ಗೊತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬಸ್ಸು. ಒಂದು ದೇಶದ ಅಧಿಕಾರಿ ಕಾವಲು ಇಲ್ಲದೆ, ಕಾರು ಇಲ್ಲದೆ, ನನ್ನ ಹಾಗೆ ಬಸ್ಸಿನಲ್ಲಿ ಮನೆಗೆ ಹೋಗುತ್ತಿದ್ದರು. ರಾಜತಾಂತ್ರಿಕರನ್ನು ಅಪಹರಿಸುವುದು ಆಗ ಹೊಸದೇನೂ ಅಲ್ಲ. 1970ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಪ್ರತ್ಯೇಕತಾವಾದಿಗಳು ಬ್ರಿಟಿಷ್ ಅಧಿಕಾರಿ ಜೇಮ್ಸ್ ಕ್ರಾಸ್‌ರನ್ನು ಸುಮಾರು ಎರಡು ತಿಂಗಳು ಕೂಡಿಹಾಕಿದ್ದರು. 1971ರಲ್ಲಿ ಉರುಗ್ವೆಯ ತುಪಮಾರೊ ಗೆರಿಲ್ಲಾಗಳು ಬ್ರಿಟಿಷ್ ರಾಯಭಾರಿ ಜೆಫ್ರಿ ಜಾಕ್ಸನ್‌ರನ್ನು ಎಂಟು ತಿಂಗಳು ಇಟ್ಟುಕೊಂಡಿದ್ದರು. ಇಬ್ಬರೂ ಜೀವಂತ ಹೊರಬಂದರು. 1973ರಲ್ಲಿ ವಿಶ್ವಸಂಸ್ಥೆ ಇದಕ್ಕಾಗಿಯೇ ಒಂದು ಒಪ್ಪಂದ ಮಾಡಿತು. ಅಷ್ಟೆಲ್ಲ ಆದಮೇಲೂ ಇಂಗ್ಲೆಂಡಿನ ಎರಡನೇ ದೊಡ್ಡ ಊರಿನಲ್ಲಿ ಇಂಥದ್ದಾಗುತ್ತೆ ಅಂತ ಯಾರೂ ಎಣಿಸಿದಂತಿಲ್ಲ.

ಇನ್ನೊಂದು ವಿಷಯ ನನ್ನ ಲೆಕ್ಕದ ತಲೆಗೆ ಹೊಳೆದದ್ದು. ಅಪಹರಿಸಿದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ, ಹುಡುಕಬೇಕಾದದ್ದು ಇಲ್ಲಿನ ಪೊಲೀಸರು, ಪತ್ರ ಹೋದದ್ದು ಲಂಡನ್ನಿಗೆ, ಕೇಳಿದ ಕೈದಿಯ ಬೀಗದ ಕೈ ಇದ್ದದ್ದು ದೆಹಲಿಯಲ್ಲಿ. ಆಗ ಮೊಬೈಲ್ ಇಲ್ಲ, ಇಮೇಲ್ ಇಲ್ಲ. ಕ್ರಾಸ್‌ಗೆ ಸಿಕ್ಕ ಎರಡು ತಿಂಗಳು, ಜಾಕ್ಸನ್‌ಗೆ ಸಿಕ್ಕ ಎಂಟು ತಿಂಗಳು ಮ್ಹಾತ್ರೆಯವರಿಗೆ ಸಿಗಲಿಲ್ಲ. ಅವರಿಗೆ ಸಿಕ್ಕದ್ದು ಒಂದು ವಾರಾಂತ್ಯ. ಎರಡು ಸರ್ಕಾರಗಳು ಮೇಜಿನ ಮುಂದೆ ಕೂರುವುದಕ್ಕೇ ಅಷ್ಟು ಸಮಯ ಬೇಕು.

ದಿನಾಂಕದ ಬಗ್ಗೆ ಒಂದು ಮಾತು. ಸಾವಿನ ತಾರೀಖು ಕೆಲವು ಕಡೆ ಫೆಬ್ರವರಿ 5, ಕೆಲವು ಕಡೆ 6 ಅಂತ ಇದೆ. ಪತ್ರಿಕೆಯ ತಾರೀಖನ್ನೇ ಘಟನೆಯ ತಾರೀಖು ಮಾಡಿಕೊಂಡರೆ ಒಂದು ದಿನ ಜಾರುತ್ತದೆ. ನೋಟ್ಸ್ ಬರೆಯುವಾಗ ಎರಡನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಬರೆದುಕೊಳ್ಳಿ.

ಲೈಬ್ರರಿಯ ಕೆಲಸ ಮುಗಿದ ಮೇಲೆ ಒಂದು ಕಸಿವಿಸಿ ಎದುರಾಯಿತು. ಮ್ಹಾತ್ರೆಯವರನ್ನು ಆಲಂ ರಾಕ್ ಎಂಬ ಕಡೆ ಕೂಡಿಹಾಕಿದ್ದರು. ನನ್ನ ಆಫೀಸಿನ ಗೆಳತಿಯ ತವರು ಅಲ್ಲೇ ಹತ್ತಿರ. ಅವಳ ಅಪ್ಪ ಪಾಕಿಸ್ತಾನದ ಹಿಡಿತದಲ್ಲಿರುವ ಕಾಶ್ಮೀರದ ಮೀರ್‌ಪುರದವರು. 1960ರ ದಶಕದಲ್ಲಿ ಝೀಲಂ ನದಿಗೆ ಮಂಗ್ಲಾ ಅಣೆಕಟ್ಟು ಕಟ್ಟಿದಾಗ ಮೀರ್‌ಪುರದ ಕಡೆ ಸುಮಾರು ಒಂದು ಲಕ್ಷ ಜನ ಮನೆ ಕಳೆದುಕೊಂಡರು. ಅವರಲ್ಲಿ ಬಹಳ ಮಂದಿ ಬ್ರಿಟನ್ನಿನ ಕಾರ್ಖಾನೆ ಊರುಗಳಿಗೆ ಬಂದು ನೆಲೆಸಿದರು, ಬರ್ಮಿಂಗ್‌ಹ್ಯಾಮ್‌ಗೂ ಬಂದರು. ಕಾಶ್ಮೀರ ಪ್ರತ್ಯೇಕ ದೇಶವಾಗಬೇಕು ಎನ್ನುವ ಜಮ್ಮು ಕಾಶ್ಮೀರ್ ಲಿಬರೇಶನ್ ಫ್ರಂಟ್ ಎಂಬ ಸಂಘಟನೆ 1977ರಲ್ಲಿ ಶುರುವಾದದ್ದು ಶ್ರೀನಗರದಲ್ಲಲ್ಲ, ಇದೇ ಊರಿನಲ್ಲಿ. ಕಾಶ್ಮೀರದ ಜಗಳ ಇಲ್ಲಿಗೆ ಹೇಗೆ ಬಂತು ಅಂತ ತಲೆ ಕೆಡಿಸಿಕೊಂಡಿದ್ದೆ. ಆಣೆಕಟ್ಟಿನ ಕಥೆ ಓದಿದ ಮೇಲೆ ಗಂಟು ಸ್ವಲ್ಪ ಸಡಿಲವಾಯಿತು. ನಮ್ಮ ಕಡೆ ಆಲಮಟ್ಟಿಗೆ ಊರು ಕೊಟ್ಟವರನ್ನು ನೋಡಿದ್ದೇನಲ್ಲ.

ಗೆಳತಿಯನ್ನು ಕೇಳಬೇಕೋ ಬೇಡವೋ ಅಂತ ಎರಡು ವಾರ ಯೋಚಿಸಿದೆ. ಕೊನೆಗೆ ಕ್ಯಾಂಟೀನಿನಲ್ಲಿ ಕೇಳಿಯೇಬಿಟ್ಟೆ. ಅವಳ ಮುಖ ಬಿಗಿಯಿತು. "ಅಪ್ಪನ ಹತ್ರ ಇದನ್ನ ಎತ್ತಬೇಡ. ಆಗ ಮನೆಮನೆಗೂ ಪೊಲೀಸರು ಬಂದಿದ್ರಂತೆ. ಈಗಲೂ ಬಾಗಿಲು ಜೋರಾಗಿ ಬಡಿದ್ರೆ ಎದ್ದು ಕೂರ್ತಾರೆ" ಎಂದಳು. ಅಮೇಲೆ ಒಂದು ತಿಂಗಳು ನಮ್ಮಿಬ್ಬರ ಮಾತು ಬರೀ ಕೆಲಸದ್ದು. ಅವಳ ಅಪ್ಪ ಫೌಂಡ್ರಿಯಲ್ಲಿ ದುಡಿದ ಮನುಷ್ಯ. ಇದಕ್ಕೂ ಅವರಿಗೂ ಸಂಬಂಧವೇ ಇಲ್ಲ. ಇಂಥ ವಿಷಯ ಹುಡುಕುವಾಗ ದಾಖಲೆಗಿಂತ ಮೊದಲು ಎದುರಿಗಿರುವ ಮನುಷ್ಯರನ್ನು ನೋಡಬೇಕು. ನಾನು ಎಡವಿದೆ. ಈಗ ಸರಿಹೋಗಿದೆ, ಈದ್‌ಗೆ ಸೇವಿಯಾ ಕಳಿಸಿದ್ದಳು.

ಮ್ಹಾತ್ರೆಯವರ ಮನೆಯವರನ್ನು ಸಂಪರ್ಕಿಸಿದೆಯಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಮಾಡುವುದೂ ಇಲ್ಲ. ನಲವತ್ತು ವರ್ಷದ ಮೇಲೆ ಗುರುತಿಲ್ಲದವಳೊಬ್ಬಳು ಫೋನ್ ಮಾಡಿ ಆ ಕೇಕಿನ ಬಗ್ಗೆ ಕೇಳುವುದು ಅಂದರೇನು?

ಮುಂದಿನ ಹೆಜ್ಜೆ ಲಂಡನ್. ಬ್ರಿಟಿಷ್ ಸರ್ಕಾರದ ಹಳೇ ಫೈಲುಗಳು ಕ್ಯೂ ಎಂಬಲ್ಲಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಮೊದಲು ಮೂವತ್ತು ವರ್ಷ ಆದಮೇಲೆ ಫೈಲು ತೆರೆಯುತ್ತಿದ್ದರು. ಈಗ ಅದನ್ನು ಇಪ್ಪತ್ತಕ್ಕೆ ಇಳಿಸಿದ್ದಾರೆ. 1984ರ ಫೈಲುಗಳಲ್ಲಿ ಒಂದು ಭಾಗ 2014ರ ಜನವರಿಯಲ್ಲಿ ತೆರೆದಾಗ ಇಲ್ಲಿನ ಭಾರತೀಯರ ನಡುವೆ ದೊಡ್ಡ ಗದ್ದಲ ಆಗಿತ್ತು. ಅಮೃತಸರದ ಸ್ವರ್ಣಮಂದಿರದ ಕಾರ್ಯಾಚರಣೆಗೆ ಬ್ರಿಟಿಷ್ ಸೇನಾ ಅಧಿಕಾರಿಯೊಬ್ಬರು ಮುಂಚೆಯೇ ಸಲಹೆ ಕೊಟ್ಟಿದ್ದರು ಅಂತ ಆ ಕಾಗದಗಳಿಂದ ಹೊರಬಂತು. ಆ ಅಧಿಕಾರಿ ಭಾರತಕ್ಕೆ ಹೋದದ್ದು ಯಾವಾಗ ಗೊತ್ತಾ? 1984ರ ಫೆಬ್ರವರಿ 8ರಿಂದ 17. ಮ್ಹಾತ್ರೆಯವರ ಶವ ಸಿಕ್ಕಿ ಮೂರು ದಿನ ಆಗಿತ್ತು. ಭಟ್‌ರ ಗಲ್ಲಿಗೆ ಮೂರು ದಿನ ಬಾಕಿ ಇತ್ತು. ಎರಡು ದೇಶಗಳ ನಡುವೆ ಆ ವಾರ ಎಷ್ಟು ಎಳೆಗಳು ಓಡಾಡುತ್ತಿದ್ದವು ನೋಡಿ.

ಕ್ಯೂಗೆ ಹೋಗುವವರಿಗೆ ಒಂದಿಷ್ಟು. ಮೂಲ ಕಾಗದ ನೋಡಲು ರೀಡರ್ ಟಿಕೆಟ್ ಬೇಕು. ದುಡ್ಡಿಲ್ಲ, ಆದರೆ ಹೆಸರಿಗೆ ಒಂದು, ವಿಳಾಸಕ್ಕೆ ಒಂದು ದಾಖಲೆ ತೋರಿಸಬೇಕು. ಇಲ್ಲಿ ನನಗೆ ನಮ್ಮ ಕಡೆಯ ಹೆಸರಿನ ಕಥೆ ಅಡ್ಡ ಬಂತು. ಪಾಸ್‌ಪೋರ್ಟಿನಲ್ಲಿ ನನ್ನ ಹೆಸರು, ಅಪ್ಪನ ಹೆಸರು, ಊರಿನ ಹೆಸರು ಮೂರೂ ಉದ್ದಕ್ಕೆ ಇವೆ. ಬ್ಯಾಂಕಿನ ಕಾಗದದಲ್ಲಿ ಬರೀ ಇನಿಶಿಯಲ್ಲು, ಜೊತೆಗೆ ಗಂಡನ ಅಡ್ಡಹೆಸರು. ಎರಡೂ ಒಬ್ಬಳದೇ ಅಂತ ಕೌಂಟರಿನವರಿಗೆ ಹೇಗೆ ಗೊತ್ತಾಗಬೇಕು? ಪುಣ್ಯಕ್ಕೆ ಚೀಲದಲ್ಲಿ ಕೌನ್ಸಿಲ್ ಟ್ಯಾಕ್ಸ್ ಬಿಲ್ಲು ಇತ್ತು, ಅದರಲ್ಲಿ ಪೂರ್ತಿ ಹೆಸರಿತ್ತು. ನೀವು ಮನೆ ಬಿಡುವ ಮುಂಚೆಯೇ ಎರಡು ಕಾಗದದಲ್ಲಿ ಹೆಸರು ಒಂದೇ ಥರ ಇದೆಯಾ ನೋಡಿಕೊಳ್ಳಿ.

ಸೋಮವಾರ, ಭಾನುವಾರ ಓದುವ ಕೋಣೆ ಇರುವುದಿಲ್ಲ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಕೈಚೀಲ, ನೀರಿನ ಬಾಟಲಿ, ತಿಂಡಿ ಎಲ್ಲ ಲಾಕರಿಗೆ. ಉಳಿದದ್ದನ್ನು ಅವರೇ ಕೊಡುವ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ಫೈಲುಗಳನ್ನು ಮೊದಲೇ ಆನ್‌ಲೈನಿನಲ್ಲಿ ತರಿಸಿಡಿ, ಇಲ್ಲವಾದರೆ ಬೆಳಿಗ್ಗೆಯ ಹೊತ್ತು ಕಾಯುವುದರಲ್ಲೇ ಹೋಗುತ್ತದೆ. ನಿಮಗೆ ಒಂದು ಸೀಟ್ ನಂಬರ್ ಕೊಡುತ್ತಾರೆ, ಅದೇ ನಂಬರಿನ ಗೂಡಿನಲ್ಲಿ ನಿಮ್ಮ ಫೈಲು ಬಂದು ಕೂತಿರುತ್ತದೆ. ಫೋನಿನಲ್ಲಿ ಫೋಟೊ ತೆಗೆಯಬಹುದು, ಅದಕ್ಕೆ ದುಡ್ಡಿಲ್ಲ. ಪ್ರತಿ ಫೈಲಿನ ಮೊದಲು ಅದರ ಸಂಖ್ಯೆಯ ಫೋಟೊ ತೆಗೆಯಿರಿ. ನಾನು ತೆಗೆಯಲಿಲ್ಲ. ಮನೆಗೆ ಬಂದಮೇಲೆ ಇನ್ನೂರು ಫೋಟೊದಲ್ಲಿ ಯಾವುದು ಯಾವ ಫೈಲಿನದು ಅಂತ ತಿಳಿಯದೆ ಇನ್ನೊಂದು ಸಲ ಹೋಗಬೇಕಾಯಿತು.

ಫೈಲು ಹುಡುಕುವಾಗಲೂ ಬರೀ ಹೆಸರನ್ನು ನಂಬಬೇಡಿ. ವಿದೇಶಾಂಗ ಕಚೇರಿಯ ದಕ್ಷಿಣ ಏಷ್ಯಾ ವಿಭಾಗದ ಫೈಲುಗಳು ಎಫ್‌ಸಿಒ 37 ಎಂಬ ಸರಣಿಯಲ್ಲಿವೆ. ಥ್ಯಾಚರ್ ಕಾಲದ ಪ್ರಧಾನಿ ಕಚೇರಿಯ ಫೈಲುಗಳು ಪ್ರೆಮ್ 19 ಸರಣಿಯಲ್ಲಿ. ಈ ಸರಣಿಗಳಲ್ಲಿ ಭಾರತದ ಹೆಸರು, 1984ರ ಇಸವಿ ಹಾಕಿ ತಲೆಬರಹಗಳನ್ನು ಒಂದೊಂದಾಗಿ ಓದಬೇಕು. ಅಕ್ಕಿ ಆರಿಸಿದ ಹಾಗೆ. ಬದುಕಿರುವವರ ಖಾಸಗಿ ವಿವರ ಇದ್ದರೆ ಆ ಹಾಳೆಯನ್ನು, ಕೆಲವೊಮ್ಮೆ ಇಡೀ ಫೈಲನ್ನೇ ದಶಕಗಟ್ಟಲೆ ಮುಚ್ಚಿಡುತ್ತಾರೆ. ಹಾಳೆ ತೆಗೆದ ಜಾಗದಲ್ಲಿ ಒಂದು ಚೀಟಿ ಇರುತ್ತದೆ. ಮುಚ್ಚಿದ್ದನ್ನು ತೆರೆಯಿರಿ ಅಂತ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು, ಅದಕ್ಕೂ ದುಡ್ಡಿಲ್ಲ. ನಾನು ಒಂದು ಇಲಾಖೆಗೆ ಹಾಕಿದೆ. ಸಾರ್ವಜನಿಕ ಹಿತ ತೂಗಿ ನೋಡುತ್ತಿದ್ದೇವೆ ಅಂತ ಮೂರು ಸಲ ಗಡುವು ಮುಂದೆ ಹಾಕಿದರು. ಐದು ತಿಂಗಳ ಮೇಲೆ ಇಲ್ಲ ಅಂದರು. ಉತ್ತರ ತುಂಬ ಸಭ್ಯವಾಗಿತ್ತು.

ಕ್ಯೂನಲ್ಲಿ ಮೂರು ದಿನ ಕೂತ ಮೇಲೆ ಒಂದು ಅನಿಸಿಕೆ ಗಟ್ಟಿಯಾಯಿತು. ಸರ್ಕಾರದ ಕಾಗದಕ್ಕೆ ಬೇಕಾದದ್ದು ಸಂಬಂಧ, ಮನುಷ್ಯ ಅಲ್ಲ. ದೆಹಲಿ ಎಷ್ಟು ಸಿಟ್ಟಾಗಿದೆ, ಲಂಡನ್ ಏನು ಹೇಳಬೇಕು, ಮುಂದಿನ ಭೇಟಿ ಏನಾಗುತ್ತೆ, ಆ ಧಾಟಿ. ಅದೇ ವರ್ಷ ನವೆಂಬರ್ 27ರಂದು ಮುಂಬೈನಲ್ಲಿ ಬ್ರಿಟಿಷ್ ಡೆಪ್ಯುಟಿ ಹೈಕಮಿಷನರ್ ಪರ್ಸಿ ನಾರಿಸ್‌ರನ್ನು ಕಚೇರಿಗೆ ಹೋಗುವ ದಾರಿಯಲ್ಲಿ ಗುಂಡಿಟ್ಟು ಕೊಂದರು. ಕೊಂದವರು ಬೇರೆ, ಕಾರಣ ಬೇರೆ. ಫೆಬ್ರವರಿಯಲ್ಲಿ ಮನೆಗೆ ಹೋಗುತ್ತಿದ್ದ ಭಾರತದವರು ಇಲ್ಲಿ, ನವೆಂಬರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಬ್ರಿಟನ್ನಿನವರು ಅಲ್ಲಿ. ಆ ದಿನ ಮಧ್ಯಾಹ್ನ ಹೊರಗಿನ ಕೊಳದ ಹತ್ತಿರ ಡಬ್ಬಿ ಬಿಚ್ಚಿ ಕೂತೆ. ಅವಲಕ್ಕಿ ಗಂಟಲಲ್ಲಿ ಇಳಿಯಲಿಲ್ಲ. ಬಾತುಗಳಿಗೆ ಹಾಕೋಣ ಅಂದುಕೊಂಡೆ, ಒಗ್ಗರಣೆಯಲ್ಲಿ ಮೆಣಸಿನಕಾಯಿ ಇತ್ತು, ಬಿಟ್ಟೆ.

ಕೋರ್ಟಿನ ವಿಷಯ ಬೇಗ ಹೇಳಿಬಿಡುತ್ತೇನೆ. 1985ರಲ್ಲಿ ಮೊಹಮ್ಮದ್ ರಿಯಾಜ್, ಅಬ್ದುಲ್ ಖಯ್ಯೂಮ್ ರಾಜಾ ಎಂಬ ಇಬ್ಬರಿಗೆ ಜೀವಾವಧಿ ಶಿಕ್ಷೆ ಆಯಿತು. ಜೀವಾವಧಿ ಅಂದರೆ ಕನಿಷ್ಠ ಎಷ್ಟು ವರ್ಷ ಅಂತ ತೀರ್ಮಾನಿಸುವ ಅಧಿಕಾರ ಆಗ ಗೃಹ ಸಚಿವರ ಕೈಯಲ್ಲಿತ್ತು. ಅದನ್ನು ಇಬ್ಬರೂ ಕೋರ್ಟಿನಲ್ಲಿ ಪ್ರಶ್ನಿಸಿದರು. 2002ರಲ್ಲಿ ಬೇರೆ ಒಬ್ಬ ಕೈದಿಯ ಕೇಸಿನಲ್ಲಿ ಹೌಸ್ ಆಫ್ ಲಾರ್ಡ್ಸ್ ಸಚಿವರ ಆ ಅಧಿಕಾರ ಮಾನವ ಹಕ್ಕಿಗೆ ಹೊಂದುವುದಿಲ್ಲ ಎಂದಿತು. ಹಳೇ ತೀರ್ಪುಗಳಲ್ಲಿ ಬಹಳಷ್ಟು ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತವೆ. ಪಾರ್ಲಿಮೆಂಟಿನ ಚರ್ಚೆಯೂ ಹ್ಯಾನ್ಸಾರ್ಡ್‌ನಲ್ಲಿ ತಾರೀಖು ಹಾಕಿದರೆ ಸಿಗುತ್ತದೆ. ನಿಜ ಹೇಳಬೇಕೆಂದರೆ ಇವೆರಡನ್ನೂ ಮೊದಲೇ ಓದಿಕೊಂಡು ಆಮೇಲೆ ಲೈಬ್ರರಿಗೆ ಹೋಗಬೇಕಿತ್ತು. ನಾನು ಉಲ್ಟಾ ಮಾಡಿದೆ.

ಕೊನೆಯ ಬಾಗಿಲು ಭಾರತದ್ದು. ಆರ್‌ಟಿಐ ಹಾಕೋಣ ಅಂತ ಕೂತೆ. ಅರ್ಜಿ ತುಂಬುವಾಗ ಹೊಳೆಯಿತು, ಆ ಕಾಯ್ದೆ ಭಾರತದ ಪ್ರಜೆಗಳಿಗೆ ಮಾತ್ರ. ನಾನು ಇಲ್ಲಿನ ಪೌರತ್ವ ತೆಗೆದುಕೊಂಡು ಈಗ ಒಸಿಐ ಕಾರ್ಡಿನವಳು. ಮನಸ್ಸಿಗೆ ಸ್ವಲ್ಪ ಚುಚ್ಚಿತು. ಹುಬ್ಬಳ್ಳಿಯ ತಮ್ಮನಿಗೆ ಫೋನ್ ಮಾಡಿದೆ.

"ಯಾರವಾ ಈ ಮ್ಹಾತ್ರೆ? ನಮ್ಮ ಬಳಗದಾವನ?" ಅಂದ.

ಅವನೇ ಆನ್‌ಲೈನಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿದ. ಆ ಕಚೇರಿ ಇನ್ನೊಂದಕ್ಕೆ ದಾಟಿಸಿತು, ಅದು ಮೊದಲಿನದಕ್ಕೇ ವಾಪಸ್ ಕಳಿಸಿತು. ಮೂವತ್ತು ದಿನದ ಮೇಲೆ ಒಂದು ಸಾಲಿನ ಉತ್ತರ: ಮಾಹಿತಿ ಲಭ್ಯವಿಲ್ಲ. ಮೊದಲ ಮೇಲ್ಮನವಿಗೆ ಫೀಸಿಲ್ಲ, ಉತ್ತರ ಬಂದ ಮೂವತ್ತು ದಿನದೊಳಗೆ ಹಾಕಬೇಕು. ಅದರಲ್ಲಿ ಕಾಯ್ದೆಯ 8(3) ಕಲಮನ್ನು ಹೆಸರು ಹಿಡಿದು ಬರೆಯಿರಿ. ಇಪ್ಪತ್ತು ವರ್ಷಕ್ಕಿಂತ ಹಳೆಯ ಘಟನೆಯಾದರೆ ದೇಶದ ಭದ್ರತೆಯಂಥ ಕೆಲವೇ ಕಾರಣ ಬಿಟ್ಟು ಬೇರೆ ಕಾರಣಕ್ಕೆ ಮಾಹಿತಿ ನಿರಾಕರಿಸುವಂತಿಲ್ಲ ಎನ್ನುತ್ತದೆ ಅದು. ನಾವು ಹಾಗೇ ಬರೆದೆವು. ಈ ಸಲ ಎರಡು ಹಾಳೆ ಬಂತು. ಹುಡುಕಿದೆವು, ಕಡತ ಪತ್ತೆಯಾಗಿಲ್ಲ ಎಂಬುದನ್ನೇ ವಿಸ್ತಾರವಾಗಿ ಬರೆದಿದ್ದರು.

"ಅಕ್ಕಾ, ಹತ್ತು ರೂಪಾಯಿ ಕೆಲಸಕ್ಕ ನನ್ನ ಎಷ್ಟು ಕುಣಿಸಿದಿ ನೋಡು" ಅಂದ ತಮ್ಮ. ಆದರೆ ಅಷ್ಟೊತ್ತಿಗೆ ಅವನಿಗೂ ಈ ಹುಚ್ಚು ಹತ್ತಿತ್ತು. ನಾನು ಕಳಿಸಿದ್ದನ್ನೆಲ್ಲ ಓದಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುತ್ತಿದ್ದ. ಭಟ್‌ಗೆ 1968ರಲ್ಲಿ ಗಲ್ಲು ಶಿಕ್ಷೆ ಕೊಟ್ಟ ನ್ಯಾಯಾಧೀಶ ನೀಲಕಂಠ ಗಂಜೂ ಅವರನ್ನು 1989ರ ನವೆಂಬರ್ 4ರಂದು ಶ್ರೀನಗರದಲ್ಲಿ ಗುಂಡಿಕ್ಕಿ ಕೊಂದರು ಅಂತ ಹುಡುಕಿ ಹೇಳಿದ್ದು ಅವನೇ. ಭಟ್‌ನನ್ನು ತಿಹಾರ್ ಒಳಗೇ ಹೂತರು, ದೇಹವನ್ನು ಮನೆಯವರಿಗೆ ಕೊಡಲಿಲ್ಲ ಅನ್ನುವುದನ್ನೂ ಓದಿದ. "ಯಾರ ಮನೀಗೂ ಯಾರೂ ತಿರುಗಿ ಬರಲಿಲ್ಲಲ್ಲ ಅಕ್ಕಾ" ಅಂದು ಫೋನ್ ಇಟ್ಟ.

ಖರ್ಚು ಕೇಳುತ್ತೀರಿ ಅಂತ ಗೊತ್ತು. ಲಂಡನ್ನಿಗೆ ನಾಲ್ಕು ಸಲ ಹೋಗಿಬರಲು 150 ಪೌಂಡ್ ಹತ್ತಿರ ಆಯಿತು. ಮೊದಲ ಸಲ ಹಿಂದಿನ ದಿನ ಟಿಕೆಟ್ ತೆಗೆದು ಯೂಸ್ಟನ್ ರೈಲು ಹಿಡಿದೆ, ಅರ್ಧ ದುಡ್ಡು ಅಲ್ಲೇ ಹೋಯಿತು. ಆಮೇಲೆ ಮೂರ್ ಸ್ಟ್ರೀಟ್‌ನಿಂದ ಮ್ಯಾರಿಲಬೋನ್‌ಗೆ ಹೋಗುವ ರೈಲು, ಒಮ್ಮೆ ಕೋಚ್ ಬಸ್ಸು. ಪತ್ರಿಕೆ ಚಂದಾ, ಪ್ರಿಂಟು, ಕಾಫಿ ಸೇರಿ ಇನ್ನು 60 ಪೌಂಡ್. ತಮ್ಮನ ಹತ್ತು ರೂಪಾಯಿ. ರಜೆ ಒಂಬತ್ತು ದಿನ. ಮನೆಯವರ ಬೈಗುಳ ಲೆಕ್ಕಕ್ಕಿಲ್ಲ.

ಎಲ್ಲ ಮುಗಿದ ಮೇಲೆ ಒಂದು ಸಂಜೆ ಬಾರ್ಟ್ಲಿ ಗ್ರೀನ್‌ಗೆ ಬಸ್ ಹತ್ತಿ ಹೋದೆ. ಯಾಕೆ ಅಂತ ನನಗೇ ಗೊತ್ತಿರಲಿಲ್ಲ. ಬಸ್ ಇಳಿದೆ. ಸಾಲು ಮನೆಗಳು, ಹೊರಗಿಟ್ಟ ಕಸದ ಡಬ್ಬಗಳು, ನಾಯಿ ತಿರುಗಾಡಿಸುವ ಒಬ್ಬ ಹುಡುಗ. ಫೆಬ್ರವರಿಯ ಕತ್ತಲು ಐದೂವರೆಗೇ ಇಳಿಯುತ್ತಿತ್ತು. ರಸ್ತೆ ದಾಟಿ ಎದುರಿನ ನಿಲ್ದಾಣದಲ್ಲಿ ನಿಂತೆ. ವಾಪಸ್ ಬಸ್ಸು ಹದಿನೆಂಟು ನಿಮಿಷಕ್ಕೆ ಬಂತು.

ಹೋದ ವಾರ ತಮ್ಮ ಯಾರದೋ ಮದುವೆಗೆ ಪುಣೆಗೆ ಹೋಗಿದ್ದ. ಡಿಪಿ ರಸ್ತೆಯ ಲಾನ್ ಒಂದರಲ್ಲಿ. ಸಂಜೆ ಫೋನ್ ಮಾಡಿದ. ಹಿಂದೆ ಹಾರ್ನ್ ಗದ್ದಲ.

"ಅಕ್ಕಾ, ನಿನ್ನ ಪೂಲ್ ಮ್ಯಾಲೆ ಅದೀನಿ. ಆಟೋ ಸಿಕ್ಕೊಂಡಾದ. ಡ್ರೈವರಗ ಕೇಳಿದೆ, ಮ್ಹಾತ್ರೆ ಅಂದ್ರ ಯಾರಂತ."

"ಏನಂದ?"

"ಯಾವನೋ ನಗರಸೇವಕ ಇರಬೇಕು ಅಂದ."

ನನಗೆ ನಗು ಬಂತು. ಆಮೇಲೆ ಅವನು ಫೋನ್ ಇಡದೆ, ಅರ್ಧ ಹಿಂದಿ ಅರ್ಧ ಮರಾಠಿಯಲ್ಲಿ ಡ್ರೈವರಿಗೆ ಕಥೆ ಶುರು ಮಾಡಿದ. ಶುಕ್ರವಾರ ಸಂಜೆ, ಬಸ್ಸು, ಮಗಳ ಕೇಕು. ಡ್ರೈವರು ನಡುನಡುವೆ "ಅರೇ" ಅನ್ನುವುದು ಕೇಳುತ್ತಿತ್ತು. ಕಥೆ ಲೆಸ್ಟರ್‌ಶೈರ್‌ನ ಓಣಿ ಮುಟ್ಟುವಷ್ಟರಲ್ಲಿ ಮುಂದಿನ ಗಾಡಿಗಳು ಹೊರಟಿರಬೇಕು, ಹಿಂದಿನಿಂದ ಎಲ್ಲರೂ ಒಟ್ಟಿಗೆ ಹಾರ್ನ್ ಹೊಡೆಯತೊಡಗಿದರು. ಆಟೋ ಮಾತ್ರ ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು.